ಅಡಿಗೆ ಮೂರು ಮೊಳೆ

ನಮ್ಮ ಭಾವ ಪೆಟ್ಟಿಗೆ ಕಾರ್ಖಾನೆಯ ಕೆಲಸ ಬಿಟ್ಟದ್ದು ಊಟದ ಕಾರಣಕ್ಕೆ. ಊಟಕ್ಕಿಲ್ಲದೆ ಕೆಲಸ ಬಿಟ್ಟವರನ್ನು, ಕೆಲಸವಿಲ್ಲದೆ ಊಟ ಬಿಟ್ಟವರನ್ನು ಎಲ್ಲರೂ ಕಂಡಿದ್ದಾರೆ. ಊಟ ಬಹಳ ಚೆನ್ನಾಗಿದೆ ಎಂದು ಕೆಲಸ ಬಿಟ್ಟವರು ನನಗೆ ತಿಳಿದ ಮಟ್ಟಿಗೆ ಇವರೊಬ್ಬರೇ.

ಅದು ಹಣ್ಣು ತುಂಬುವ ಮರದ ಪೆಟ್ಟಿಗೆಗಳ ಕಾರ್ಖಾನೆ. ಹಲಗೆ ಬರುತ್ತದೆ, ಮೊಳೆ ಹೊಡೆಯಬೇಕು, ಪೆಟ್ಟಿಗೆ ಹೋಗುತ್ತದೆ. ಅಡಿಗೆ ಮೂರು ಮೊಳೆ. ಒಂದು ಅಡಿ ಹಲಗೆಗೆ ಮೂರು ಮೊಳೆ ಎಂಬ ಈ ಒಂದೇ ತತ್ವದ ಮೇಲೆ ಆ ಕಾರ್ಖಾನೆ, ಮಾಲೀಕರ ಮನೆ, ಅವರ ಮಗಳ ಪಿಯಾನೋ ಎಲ್ಲವೂ ನಿಂತಿದ್ದವು. ಮಧ್ಯಾಹ್ನದ ಗಂಟೆ ಹೊಡೆದರೆ ಕೂರಲು ಜಾಗವಿಲ್ಲ. ಪೆಟ್ಟಿಗೆಯ ಮೇಲೆ ಕೂರುವಂತಿಲ್ಲ, ಅದು ಮಾಲು. ಎಲ್ಲರೂ ಯಂತ್ರದ ಪಕ್ಕದಲ್ಲಿ ನಿಂತು, ಡಬ್ಬಿಯನ್ನು ಗಲ್ಲಕ್ಕೆ ಹಿಡಿದು, ಕುದುರೆಯ ಬಾಯಿಗೆ ಚೀಲ ಕಟ್ಟಿದಂತೆ ಉಣ್ಣುತ್ತಿದ್ದರು. ಭಾವ ಮುಚ್ಚಳ ತೆಗೆದು, ಮೂಸಿ, ಇವತ್ತು ಯಾವುದರಿಂದ ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲಿ ಮತ್ತೆ ಗಂಟೆ.

ರಾಜೀನಾಮೆ ಕೊಟ್ಟ ದಿನ ಮ್ಯಾನೇಜರು ಕೇಳಿದರಂತೆ.

"ಯಾಕಯ್ಯಾ, ಸಂಬಳ ಸಾಲದಾ?"

"ಸಾಲುತ್ತೆ ಸಾರ್."

"ಮತ್ತೆ?"

"ಊಟ ಸಾರ್."

"ಊಟಕ್ಕೆ ಗತಿಯಿಲ್ವಾ?"

"ಮನೆಯಿಂದ ತರ್ತೀನಿ. ನಮ್ಮಮ್ಮ ಮಾಡಿಕೊಡ್ತಾರೆ. ಅದ್ಭುತವಾಗಿರುತ್ತೆ. ಅದಕ್ಕೇ ಬಿಡ್ತಿದ್ದೀನಿ. ಅಂಥ ಊಟಾನ ನಿಂತ್ಕೊಂಡು ನುಂಗೋದು ಪಾಪ ಸಾರ್."

ಮ್ಯಾನೇಜರು ರಾಜೀನಾಮೆ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, "ನಿನ್ನ ಸುತ್ತಿಗೆ ತಿಂಗಳ ಕೊನೇವರೆಗೂ ಗೋಡೇಲೇ ನೇತಾಡ್ತಿರುತ್ತೆ. ತಲೆ ನೆಟ್ಟಗಾದ್ಮೇಲೆ ಬಾ," ಅಂದರು.

ಭಾವ ನಗರಸಭೆಯ ಒಂದು ಕೋಣೆ ಹಿಡಿದರು. ಮುಂದೆ ಬೀದಿ, ಹಿಂದೆ ಒಂದು ಅಂಗಳ, ಅಂಗಳಕ್ಕೆ ಪಕ್ಕದ ಓಣಿಯಿಂದ ದಾರಿ. ಮರಗೆಲಸಕ್ಕೆ ಎಂದು ಲೈಸೆನ್ಸು ಸಿಕ್ಕಿತು. ಮೊದಲ ದಿನ ಅವರು ಮಾಡಿದ ಮೊದಲ ಕೆಲಸವೆಂದರೆ ತಾವು ಕೂತು ಉಣ್ಣಲು ಒಂದು ಕುರ್ಚಿ, ಒಂದು ಮೇಜು. ಎರಡನೆಯ ಕೆಲಸ ಉಣ್ಣುವುದು. ನಾನು ಹಾಸ್ಟೆಲಿನಲ್ಲಿ ಸಾಲು ನಿಂತು ಉಂಡು ಬೆಳೆದವನು. ಊಟವನ್ನು ಮುಗಿಸಬೇಕಾದ ಕೆಲಸವೆಂದು ತಿಳಿದವನು. ಭಾವ ಉಣ್ಣುವುದನ್ನು ನೋಡಿದ ಮೇಲೆ ನನ್ನ ತಿಳಿವಳಿಕೆಯಲ್ಲೇ ಏನೋ ಕೊರತೆಯಿದೆ ಅನ್ನಿಸಿತು. ಬರೀ ಬೇಯಿಸಿದ ಆಲೂಗಡ್ಡೆಯನ್ನು ಅವರು ಮುರಿದರೆ ಯಾರೋ ಬಹಳ ದಿನದ ಮೇಲೆ ಮನೆಗೆ ಬಂದಂತೆ ಇರುತ್ತಿತ್ತು. ಹಬೆ ಏಳುವುದನ್ನು ನೋಡುತ್ತಿದ್ದರು. ಆಮೇಲೆ ಉಪ್ಪು. ಆಮೇಲೆ ಮೌನ.

ನಮ್ಮ ಅಕ್ಕನಿಗೆ ಇದಾವುದೂ ಹಿಡಿಸಲಿಲ್ಲ. ಅವಳು ಬಸ್ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರಿಗೆ "ಅದು ಹೊರಟುಹೋಯ್ತು" ಎಂದು ಹೇಳಿ ಹೇಳಿ, ಜೀವನದ ಬಗ್ಗೆಯೂ ಅದೇ ಅಭಿಪ್ರಾಯಕ್ಕೆ ಬಂದಿದ್ದಳು.

"ಅಂಗಡಿ ವಿಷಯ ನನ್ನ ಹತ್ರ ಎತ್ತಬೇಡಿ," ಅಂದಳು. "ನಡೆದ್ರೆ ನಡೀಲಿ. ಮುಚ್ಚಿದ ದಿನ ಮಾತ್ರ ಹೇಳಿ. ಆ ಸುತ್ತಿಗೆ ಹತ್ರ ನಾನೇ ಕೈ ಹಿಡ್ಕೊಂಡು ಬಿಟ್ಟು ಬರ್ತೀನಿ."

ಗಿರಾಕಿಗಳು ಬರಲಿಲ್ಲ. ಬೋರ್ಡ್ ಇಲ್ಲದ್ದೇ ಕಾರಣ ಎಂದು ಭಾವ ತೀರ್ಮಾನಿಸಿದರು. ಬೀದಿಯ ಬೇರೆ ಅಂಗಡಿಗಳವರು ಸುಣ್ಣದಲ್ಲಿ ಗೋಡೆಯ ಮೇಲೇ ಬರೆದುಕೊಂಡಿದ್ದರು. ಭಾವನಿಗೆ ಮರದ ಬೋರ್ಡೇ ಆಗಬೇಕು, ಅದಕ್ಕೆ ಅಂಚುಪಟ್ಟಿ ಬೇರೆ. ಹಲಗೆಯನ್ನು ಅವರೇ ಅಳೆದು ಕೊಯ್ದರು. ಇಡೀ ಜೀವನ ಅಡಿ ಲೆಕ್ಕದಲ್ಲೇ ಕಳೆದ ಮನುಷ್ಯ ತನ್ನ ಬೋರ್ಡನ್ನು ಮಾತ್ರ ಅರ್ಧ ಅಡಿ ಗಿಡ್ಡ ಕೊಯ್ದ. ಬೋರ್ಡ್ ಬರೆಯುವವನಿಗೆ ಕೊಟ್ಟ ಒಕ್ಕಣೆ ಇದು: "ಅಡಿಗೆ ಇಷ್ಟೆಂಬ ಲೆಕ್ಕದಲ್ಲಿ ಮರದ ಕೆಲಸ ಮಾಡಿಕೊಡಲಾಗುವುದು."

ಬೋರ್ಡಿನವನು ಹಲಗೆಯ ಮೇಲೆ ಗೇಣು ಹಾಕಿ ನೋಡಿ, "ಹಿಡಿಯಲ್ಲ ಸ್ವಾಮಿ," ಅಂದ.

"ಅಕ್ಷರ ಚಿಕ್ಕದು ಮಾಡು."

"ಚಿಕ್ಕದು ನಾನು ಬರೆಯಲ್ಲ. ನನ್ನ ಹೆಸರು ಹಾಳಾಗುತ್ತೆ. ಮಧ್ಯದ್ದು ತೆಗೀತೀನಿ. ಜನ ಬೋರ್ಡಿನ ಶುರು ಓದ್ತಾರೆ, ಕೊನೆ ಓದ್ತಾರೆ. ಮಧ್ಯದ್ದು ಯಾರು ಓದ್ತಾರೆ?"

ಹೀಗೆ ಆ ಬೀದಿಯ ನೆತ್ತಿಯ ಮೇಲೆ, ಕೆಂಪು ಅಕ್ಷರದಲ್ಲಿ, ನೀಲಿ ನೆರಳಿನ ಸಮೇತ, ಈ ಮಾತು ಏರಿತು: "ಅಡಿಗೆ ಕೆಲಸ ಮಾಡಿಕೊಡಲಾಗುವುದು."

ಭಾವ ಕೆಳಗೆ ನಿಂತು ಓದಿ ತೃಪ್ತರಾದರು. ಅಡಿಗೆ ಇಷ್ಟು ಎಂಬ ಲೆಕ್ಕದ ಕೆಲಸ. ಇದರಲ್ಲಿ ಸಂಶಯವೇನು? ಅಕ್ಕ ಓದಿದಳು, ಅಂಗಡಿ ವಿಷಯ ಎತ್ತಬೇಡಿ ಎಂದು ತಾನೇ ಹೇಳಿದ್ದರಿಂದ ತುಟಿ ಬಿಗಿಹಿಡಿದು ಒಳಗೆ ಹೋದಳು. ನಾನೂ ಓದಿದೆ. ಈ ಮನುಷ್ಯನಿಗೆ ಕೊನೆಗೂ ತನಗೆ ತಕ್ಕ ಕಸುಬು ಹೊಳೆಯಿತಲ್ಲ ಎಂದು ಸಂತೋಷಪಟ್ಟೆ.

ಬೋರ್ಡಿನ ಮೊದಲ ಓದುಗರು ಎದುರುಮನೆಯ ನಿವೃತ್ತ ಮೇಷ್ಟ್ರು. ಯಾವ ಗೋಡೆಯ ಮೇಲೆ ಏನು ಬರೆದಿದ್ದರೂ ತಿದ್ದದೆ ಮುಂದೆ ಹೋಗುವವರಲ್ಲ.

"ಏನಯ್ಯಾ, ಬೋರ್ಡಿನಲ್ಲಿ ತಪ್ಪಿದೆ. ಅಡಿಗೆ ಅಲ್ಲ, ಅಡುಗೆ. ಡು. ಕೊಂಬು ಹಾಕ್ಸು."

"ಅಡು ಅಂದ್ರೇನು ಮೇಷ್ಟ್ರೇ?"

"ಅಡು ಅಂದ್ರೆ ಬೇಯಿಸು ಅಂತ. ಹಳೇ ಮಾತು."

ಭಾವ ನಕ್ಕರು. "ನಾವು ಬೇಯಿಸಲ್ಲ ಮೇಷ್ಟ್ರೇ. ಹಸೀದೇ ಕೊಯ್ಯೋದು."

"ಹಸೀದೇ ಕೊಡ್ತೀಯಾ?"

"ಛೇ ಛೇ. ಹಸೀದು ಕೊಟ್ರೆ ಆಮೇಲೆ ಸೊಟ್ಟಗಾಗುತ್ತೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕೊಡ್ತೀವಿ. ಎಣ್ಣೆ ಬೇಕಾದವ್ರಿಗೆ ಕೊನೇಲಿ ಸ್ವಲ್ಪ ಸವರ್ತೀವಿ, ಅಷ್ಟೇ."

ಮೇಷ್ಟ್ರು ತಲೆದೂಗಿದರು. ಬೇಯಿಸದ, ಬಿಸಿಲಲ್ಲಿ ಒಣಗಿಸಿದ, ಎಣ್ಣೆ ಬರೀ ಸವರಿದ ಅಡಿಗೆ! ಸಂಜೆಯ ವಾಯುಸೇವನೆಯಲ್ಲಿ ಈ ಸುದ್ದಿಯನ್ನು ತಮ್ಮ ಹಳೆಯ ಶಿಷ್ಯನಿಗೆ ಹೇಳಿದರು. ಆ ಶಿಷ್ಯ ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತ. ಅವರ ಇಂಜಿನಿಯರ್ ಸಾಹೇಬರು ನಿವೃತ್ತರಾಗುವವರಿದ್ದರು. ಸಾಹೇಬರ ಹೊಟ್ಟೆ ಇಡೀ ಇಲಾಖೆಗೆ ಗೊತ್ತಿದ್ದ ಸಮಸ್ಯೆ. ವರ್ಷಗಳಿಂದ ಅವರು ಡಬ್ಬಿಯಲ್ಲಿ ಗಂಜಿ ತಂದು, ಗಂಜಿ ಕುಡಿದು, ಗಂಜಿಯಂಥ ಮುಖದಲ್ಲಿ ಎಲ್ಲರನ್ನೂ ಬೈದುಕೊಂಡು ಬಂದಿದ್ದರು. ಅಂಥವರಿಗೆ ಬೀಳ್ಕೊಡುಗೆಯ ಊಟ ಹಾಕಿಸುವ ಹೊಣೆ ಹೆಡ್ ಗುಮಾಸ್ತರದು.

ಮರುದಿನವೇ ಅವರು ಭಾವನ ಅಂಗಡಿಗೆ ಬಂದರು. ಪಂಪ್‌ಹೌಸಿನ ಪಕ್ಕದಲ್ಲಿ ಕೂತು ಕೂತು ಅವರ ಕಿವಿ ಸ್ವಲ್ಪ ಮಂದವಾಗಿತ್ತು. ನಾನು ಅಲ್ಲೇ ಇದ್ದೆ. ಇಬ್ಬರು ಬುದ್ಧಿವಂತರು ಇಷ್ಟು ಸರಾಗವಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಶನಿವಾರ ಮಧ್ಯಾಹ್ನ, ಐವತ್ತು ಜನ ಕೂರಬೇಕು," ಅಂದರು ಹೆಡ್ ಗುಮಾಸ್ತರು.

"ಕೂರಿಸೋಣ ಸಾರ್. ದಪ್ಪಗಿರೋರು ಇದ್ದಾರಾ?"

"ಇದ್ದಾರೆ. ಆದ್ರೆ ಸಾಹೇಬ್ರಿಗೋಸ್ಕರ ಮೆತ್ತಗಿರಲಿ."

"ಮೆತ್ತಗೆ ಬೇಡ ಸಾರ್, ಬಗ್ಗುತ್ತೆ. ಹಳೇದು ಹಾಕ್ತೀನಿ. ಎರಡು ವರ್ಷ ಒಣಗಿದ್ದು."

"ಹಳೇದಾ? ಸರಿ, ಹಳೇದೇ ಚೆನ್ನಾಗಿ ಅರಳೋದು. ಹುಳ ಇರಬಾರದು ನೋಡಿ."

"ನನ್ನ ಹತ್ರ ಹುಳ ಬೀಳಲ್ಲ ಸಾರ್."

"ಗಂಟು?"

"ಒಂದು ಗಂಟು ತೋರಿಸಿ, ಕಸುಬು ಬಿಡ್ತೀನಿ. ಪಾಲಿಶ್ ಮಾಡಿದ್ದು ಬೇಕಾ, ಮಾಡದೇ ಇರೋದಾ?"

"ಪಾಲಿಶ್ ಇಲ್ಲದ್ದೇ ಹೊಟ್ಟೆಗೆ ಒಳ್ಳೇದು."

ಹೊಟ್ಟೆ ಮೇಜಿಗೆ ಒರಗುತ್ತದಲ್ಲ, ಅದಕ್ಕೇ ಹೇಳುತ್ತಿದ್ದಾರೆ ಎಂದು ಭಾವ ಅರ್ಥ ಮಾಡಿಕೊಂಡರು. "ಆಯ್ತು. ಮತ್ತೆ ಸಾರ್, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಡಿಗೆ ಮೂರು ಮೊಳೆ. ಅದಕ್ಕಿಂತ ಕಮ್ಮಿ ನಾನು ಹಾಕೋದೇ ಇಲ್ಲ."

"ಮೂರು ಮೊಳಕೆನಾ?" ಹೆಡ್ ಗುಮಾಸ್ತರ ಕಣ್ಣು ಅರಳಿತು. "ಮೂರು ಥರದ ಮೊಳಕೆ! ಡಾಕ್ಟರು ಸಾಹೇಬ್ರಿಗೆ ಹೇಳಿರೋದೂ ಅದನ್ನೇ!"

"ಡಾಕ್ಟರಾ?" ಭಾವ ಬೆನ್ನುನೋವಿನ ಮಾತಿರಬೇಕೆಂದುಕೊಂಡರು. "ಹೂಂ, ಗಟ್ಟಿ ಇರಬೇಕಲ್ಲ ಸಾರ್. ಕಬ್ಬಿಣದ್ದೇ ಹಾಕ್ತೀನಿ."

"ಕಬ್ಬಿಣದ ಅಂಶ! ರಕ್ತಕ್ಕೆ ಅದೇ ಬೇಕು! ಎಷ್ಟು ತಿಳ್ಕೊಂಡಿದ್ದೀರಿ ನೀವು!" ಎಂದು ಹೆಡ್ ಗುಮಾಸ್ತರು ಭಾವನ ಎರಡೂ ಕೈ ಹಿಡಿದು ಅಲುಗಾಡಿಸಿದರು. "ಒಂದೇ ಕೇಳಿಕೊಳ್ಳೋದು. ತಳ ಹಿಡೀಬಾರದು."

"ತಳಕ್ಕೆ ರಬ್ಬರ್ ಬಿಲ್ಲೆ ಹಾಕ್ತೀನಿ ಸಾರ್. ನೆಲ ಮುಟ್ಟೋದೇ ಇಲ್ಲ."

ಹೆಡ್ ಗುಮಾಸ್ತರು ಹೊಟ್ಟೆ ಹಿಡಿದು ನಕ್ಕರು. ಒಳ್ಳೆಯ ಅಡಿಗೆಯವರು ತಮಾಷೆಯ ಜನ ಎಂದು ಎಲ್ಲೋ ಕೇಳಿದ್ದರಂತೆ. ಸಾಮಾನು ತಾವೇ ತರಿಸಿಕೊಡುವುದಾಗಿ ಹೇಳಿ ಹೋದರು. ಹಲಗೆ ಸಾಲದಿದ್ದರೆ ಅವರು ತರಬಹುದು ಎಂದು ಭಾವನಿಗೂ ಸಮಾಧಾನವಾಯಿತು.

ಹಿಂದಿನ ಅಂಗಳದಲ್ಲಿ ಬೆಂಚುಗಳು ಏಳತೊಡಗಿದವು. ಆಗ ಬಂದವರು ನಗರಸಭೆಯ ಲೈಸೆನ್ಸ್ ಇನ್‌ಸ್ಪೆಕ್ಟರು. ಅವರು ಬೋರ್ಡನ್ನು ಓದಿದರು, ಗೋಡೆಯ ಮೇಲಿದ್ದ ಲೈಸೆನ್ಸನ್ನು ಓದಿದರು, ಮತ್ತೆ ಬೋರ್ಡನ್ನು ಓದಿದರು.

"ಲೈಸೆನ್ಸ್ ಮರಕ್ಕೆ. ಬೋರ್ಡ್ ಅಡಿಗೆಗೆ. ಒಂದು ಕೋಣೆಗೆ ಒಂದೇ ಕಸುಬು. ಒಲೆ ಎಲ್ಲಿ?"

"ಒಲೆನಾ?" ಭಾವ ಮನಸಾರೆ ನಕ್ಕರು. "ನನ್ನ ಅಂಗಡೀಲಿ ಒಲೆ ಯಾಕಿರುತ್ತೆ ಸಾರ್?"

ಇಂಥ ಮುಗ್ಧ ನಗುವನ್ನು ಇನ್‌ಸ್ಪೆಕ್ಟರು ತಮ್ಮ ಸರ್ವೀಸಿನಲ್ಲಿ ಬಹಳ ಕಂಡಿದ್ದರು. ಅದು ಯಾವಾಗಲೂ ಪಕ್ಕಾ ಕಳ್ಳರದೇ ಆಗಿರುತ್ತಿತ್ತು. "ಸುತ್ತ ಮರದ ಹೊಟ್ಟು, ಮಧ್ಯ ಬೆಂಕಿ. ಇಡೀ ಬೀದಿ ಸುಡುತ್ತೆ. ಶನಿವಾರ ಬರ್ತೀನಿ. ಒಲೆ ಕಂಡ್ರೆ ಬೀಗ."

"ಬನ್ನಿ ಸಾರ್, ಧಾರಾಳವಾಗಿ ಬನ್ನಿ," ಅಂದರು ಭಾವ.

ಶುಕ್ರವಾರ ಸಂಜೆ ಹೆಡ್ ಗುಮಾಸ್ತರು ಕೈಗಾಡಿಯೊಂದಿಗೆ ಬಂದರು. ಅಂಗಳದಲ್ಲಿ ಬೆಂಚು, ಮೇಜು ಸಾಲಾಗಿ ನಿಂತಿದ್ದವು. ಅವರು ಒಂದೊಂದನ್ನೂ ಮುಟ್ಟಿ ನೋಡಿದರು.

"ಊಟಕ್ಕೆ ಬೆಂಚೂ ನೀವೇ ಒದಗಿಸ್ತೀರಾ! ಯಾವ ಅಡಿಗೆಯವರು ಮಾಡ್ತಾರೆ ಸ್ವಾಮಿ ಇದನ್ನ?"

"ನೀವು ಹೇಳಿದ್ದೇ ಅಲ್ವಾ ಸಾರ್?"

"ದೊಡ್ಡ ಮನಸ್ಸು. ಸರಿ, ಮೊಳೆಯೋಕೆ ನೆನೆಹಾಕಿದ್ರಾ?"

"ಮೊಳೆನ ನೆನೆಹಾಕಿದ್ರೆ ತುಕ್ಕು ಹಿಡಿಯುತ್ತೆ ಸಾರ್," ಎಂದು ಭಾವ ಡಬ್ಬ ತೆರೆದು ಮುಂದೆ ಹಿಡಿದರು.

ಹೆಡ್ ಗುಮಾಸ್ತರು ಡಬ್ಬದೊಳಗೆ ಕೈ ಹಾಕಿದರು. ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದರು. ಎರಡಂಗುಲದ ಕಬ್ಬಿಣದ ಮೊಳೆಗಳು. ಆ ಹೊತ್ತಿಗೆ ಕೆಲಸ ಮುಗಿಸಿ ಬಂದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ತೋಳು ಹಿಡಿದು ಬೀದಿಗೆ ಕರೆದೊಯ್ದು ಬೋರ್ಡಿನ ಕೆಳಗೆ ನಿಲ್ಲಿಸಿದಳು.

"ಓದಿ."

"ಅಡಿಗೆ ಕೆಲಸ ಮಾಡಿಕೊಡಲಾಗುವುದು."

"ಇನ್ನೊಂದ್ಸಲ."

"ಅಡಿಗೆ. ಕೆಲಸ. ಮಾಡಿಕೊಡಲಾಗುವುದು."

"ಹೊಟ್ಟೆ ಹಸಿದೋರು ಓದಿದ ಹಾಗೆ ಓದಿ."

ಭಾವ ಹೊಟ್ಟೆಯ ಮೇಲೆ ಕೈಯಿಟ್ಟು ಓದಿದರು. ಅವರ ಮುಖದಲ್ಲಿ ಮೇಷ್ಟ್ರು ಬಂದು ಹೋದರು, ಹುಳ ಮತ್ತು ಗಂಟು ಬಂದು ಹೋದವು, ಕೊನೆಗೆ ಇನ್‌ಸ್ಪೆಕ್ಟರು ಬಂದು ಅಲ್ಲೇ ನಿಂತರು.

ಒಳಗೆ ಹೆಡ್ ಗುಮಾಸ್ತರು ಹೊಸ ಬೆಂಚಿನ ಮೇಲೆ ಕುಸಿದಿದ್ದರು. ಬೆಂಚು ಅಲುಗಲಿಲ್ಲ, ಅದೊಂದು ವಿಷಯದಲ್ಲಿ ಭಾವನನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. "ನಾಳೆ ಮಧ್ಯಾಹ್ನ ಐವತ್ತು ಜನ," ಅಂದರು ಅವರು. "ಬೇರೆ ಅಡಿಗೆಯವ್ರು ಈಗ ಯಾರು ಸಿಗ್ತಾರೆ? ಸಾಹೇಬ್ರು ಕಚೇರಿಯಿಂದ ಹಸಿದುಕೊಂಡು ಹೋಗ್ತಾರೆ. ನಾನು ಇನ್ನೂ ಆರು ವರ್ಷ ಅಲ್ಲೇ ಇರಬೇಕು, ಜನ ನನ್ನ ಏನಂತಾರೆ?"

"ಪಾಪ ಅನ್ಸುತ್ತೆ ಸಾರ್," ಅಂದಳು ಅಕ್ಕ. "ಆದ್ರೆ ಇವರು ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ರೀ, ಆಗಲ್ಲ ಅನ್ನಿ. ಒಲೆ ಕಂಡ್ರೆ ಬೀಗ ಅಂದಿದ್ದಾರೆ. ಬೀಗ ಅಂದ್ರೆ ಸುತ್ತಿಗೆ. ಸುತ್ತಿಗೆ ಅಂದ್ರೆ ನಿಂತ್ಕೊಂಡು ಊಟ. ಸಾಯೋವರೆಗೂ."

ನಿಂತುಕೊಂಡು ಊಟ ಎಂಬ ಮಾತಿಗೆ ಭಾವ ಬಿಳಿಚಿಕೊಂಡರು. ಆಗಲ್ಲ ಅನ್ನಲೆಂದೇ ಹೆಡ್ ಗುಮಾಸ್ತರ ಕಡೆ ತಿರುಗಿದರು. ಅವರಿಬ್ಬರ ನಡುವೆ ಕೈಗಾಡಿ ಇತ್ತು. ಕೈಗಾಡಿಯ ಮೇಲೆ ಕುಂಬಳಕಾಯಿ ಇತ್ತು.

ಅದು ಒಳ್ಳೆಯ ಕುಂಬಳಕಾಯಿ. ಮಣ್ಣು ಇನ್ನೂ ಒಣಗಿರಲಿಲ್ಲ. ಪಕ್ಕದಲ್ಲಿ ಅಕ್ಕಿ, ಬೆಲ್ಲ, ಈರುಳ್ಳಿ, ಆಲೂಗಡ್ಡೆ, ಒದ್ದೆ ಬಟ್ಟೆಯಲ್ಲಿ ಕಟ್ಟಿದ ಕಾಳುಗಳು. ಹೆಡ್ ಗುಮಾಸ್ತರು ಅನುಮಾನದ ಪ್ರಾಣಿ, ಇರಲಿ ಎಂದು ತಾವೇ ಮೊಳಕೆ ಬರಿಸಿ ತಂದಿದ್ದರು. ಭಾವ ಬಟ್ಟೆ ಬಿಚ್ಚಿದರು. ಸಣ್ಣ ಸಣ್ಣ ಬಿಳಿ ಬಾಲಗಳು. ಕುಂಬಳಕಾಯಿಗೆ ಕಿವಿಯಿಟ್ಟು, ಮರವನ್ನು ತಟ್ಟಿ ನೋಡುವಂತೆ ಬೆರಳಿನಿಂದ ತಟ್ಟಿದರು.

"ಕೇಳು," ಅಂದರು ನನಗೆ. "ಎಂಥ ಸದ್ದು."

"ರೀ," ಅಂದಳು ಅಕ್ಕ.

"ಇದನ್ನ ವಾಪಸ್ ಕಳಿಸೋದು ಹೇಗೆ ಹೇಳು? ಮಾರ್ಕೆಟ್‌ನಲ್ಲಿ ಯಾರೋ ಅವಸರದೋನು ತಗೊಂಡು ಹೋಗಿ ಹೇಗೇಗೋ ಬೇಯಿಸ್ತಾನೆ."

"ಹೇಗೇಗೋ ಬೇಯಿಸೋನು ಇನ್ಯಾರೂ ಅಲ್ಲ, ನೀವೇ!"

"ಅಮ್ಮ ಇದ್ದಾರಲ್ಲ," ಅಂದರು ಭಾವ.

ಭಾವನ ತಾಯಿ ಇಡೀ ಬೀದಿಗೆ ಅಜ್ಜಿ. ಮೊಣಕಾಲು ಕೈಕೊಟ್ಟು ಹೆಚ್ಚು ನಿಲ್ಲಲಾರರು. ನಾಲಗೆ ಮಾತ್ರ ಎರಡೂ ಅರ್ಥದಲ್ಲಿ ಇನ್ನೂ ಚುರುಕು. ಶನಿವಾರ ಬೆಳಗ್ಗೆ ಅವರನ್ನು ಕುರ್ಚಿಯ ಸಮೇತ ಎತ್ತಿ ತಂದು ಅಂಗಳದ ಮಧ್ಯದಲ್ಲಿ ಇಟ್ಟೆವು. ಮರದ ಹೊಟ್ಟನ್ನೆಲ್ಲ ಗುಡಿಸಿ ಕೋಣೆಯೊಳಗೆ ತುಂಬಿ ಬಾಗಿಲು ಹಾಕಿದೆವು. ಕೊಯ್ದು ಉಳಿದ ಮರದ ತುಂಡುಗಳೇ ಸೌದೆ. ಮೇಷ್ಟ್ರು ತಮ್ಮಿಂದ ಆದ ಅನಾಹುತವನ್ನು ತಿಳಿದು, ಆಲೂಗಡ್ಡೆ ಸುಲಿಯಲು ತಾವೇ ಬಂದು ಕೂತರು.

ಭಾವ ಕುಂಬಳಕಾಯಿಯನ್ನು ಗರಗಸದಲ್ಲಿ ಕೊಯ್ದರು. ಹೋಳುಗಳಿಗೆ ಮೂಲೆಮಟ್ಟ ಹಿಡಿದು ನೋಡಿದರು.

"ಪುಟ್ಟಾ, ಅಡಿಗೆ ಮಾಡ್ತಿದ್ದೀಯೋ, ಪೆಟ್ಟಿಗೆ ಮಾಡ್ತಿದ್ದೀಯೋ?" ಎಂದು ಅಜ್ಜಿ ಕೇಳಿದರು.

"ಎಲ್ಲಾ ಒಂದೇ ಅಳತೆ ಇದ್ರೆ ಒಟ್ಟಿಗೆ ಬೇಯುತ್ತಮ್ಮ."

ಅಜ್ಜಿ ಸುಮ್ಮನಾದರು. ಅವರು ಸುಮ್ಮನಾಗುವುದೆಂದರೆ ಬೇರೆಯವರು ಶಾಲು ಹೊದಿಸಿದ ಹಾಗೆ.

"ಉರಿ ಇಳಿಸು. ಈರುಳ್ಳೀನ ಹೆದರಿಸ್ಬೇಡ. ಅದಾಗಿ ಅದು ಮೆತ್ತಗಾಗ್ಲಿ."

"ಎಷ್ಟು ಹೊತ್ತು?"

"ಗಡಿಯಾರ ನೋಡಿ ಈರುಳ್ಳಿ ಹುರಿಯೋರು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಮೂಸು."

ಭಾವ ಬಗ್ಗಿ ಮೂಸಿದರು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೀಸೆಯ ಮೇಲೆ ಬೂದಿ. "ಈಗ ಸಿಹಿ ವಾಸನೆ ಬಂತಮ್ಮ," ಅಂದರು. ಆ ಮುಖವನ್ನು ನಾನು ಪೆಟ್ಟಿಗೆ ಕಾರ್ಖಾನೆಯಲ್ಲಿ ನೋಡಿರಲಿಲ್ಲ. ಯಾವ ಕಾರ್ಖಾನೆಯಲ್ಲೂ, ಯಾರಲ್ಲೂ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದವರು ಹಾಗಿರುವುದಿಲ್ಲ. ಅವರಿಗೆ ಮುಂದೇನು ಎಂಬ ಚಿಂತೆ ಇರುತ್ತದೆ. ಭಾವನಿಗೆ ಆ ಬಾಣಲೆಯ ಆಚೆ ಪ್ರಪಂಚವೇ ಇರಲಿಲ್ಲ. ಮಧ್ಯಾಹ್ನ ಬೀಗ ಹಾಕಿಸಿಕೊಳ್ಳಬೇಕಾದ ಮನುಷ್ಯ ಎಂದು ಯಾರಾದರೂ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಕಾಳಿನ ದೊಡ್ಡ ಪಾತ್ರೆಯಿಂದ ಬೇರೆ ಥರದ ವಾಸನೆ ಬಂತು. ಅಜ್ಜಿ ಕುರ್ಚಿಯಲ್ಲೇ ನೆಟ್ಟಗಾದರು. "ತಳ ಹಿಡೀತು!"

ಭಾವ ಸೌಟು ಹಾಕಿ ಕೆರೆಯಲು ಹೋದರು.

"ಮುಟ್ಟಬೇಡಿ!" ಎಂದು ಓಣಿಯ ಬಾಗಿಲಿನಿಂದ ಕೂಗು ಬಂತು. ಅಕ್ಕ. ಅಂಗಡಿಗೂ ತನಗೂ ಸಂಬಂಧವಿಲ್ಲ ಎಂದವಳು ಕಿಂಡಿಗೆ ರಜೆ ಹಾಕಿ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. "ಕೆರೆದ್ರೆ ಸೀದ ವಾಸನೆ ಪೂರಾ ಮೇಲೆ ಬರುತ್ತೆ. ಮೇಲಿಂದು ಮಾತ್ರ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸ್ಬೇಕು. ಸರೀರಿ ಆ ಕಡೆ. ಸೌಟು ಕೊಡಿ. ಈ ಮನೇಲಿ ಒಬ್ರಿಗಾದ್ರೂ ಒಲೆ ಮುಂದೆ ಬುದ್ಧಿ ಇದೆಯಾ?"

"ಅದು ಹೊರಟುಹೋಯ್ತು ಅಂತೀಯೇನೋ ಅಂದ್ಕೊಂಡೆ," ಅಂದರು ಭಾವ.

"ಹೋಗಿಲ್ಲ. ಇನ್ನೂ ಸ್ಟ್ಯಾಂಡಲ್ಲೇ ಇದೆ. ಪಾತ್ರೆ ಹಿಡೀರಿ."

ಐವತ್ತು ಜನ ಬಂದರು. ಇಂಜಿನಿಯರ್ ಸಾಹೇಬರು ಮೊದಲ ಬೆಂಚಿನಲ್ಲಿ ಕೂತು, ರೂಢಿಯಂತೆ ಚೀಲದಿಂದ ಗಂಜಿಯ ಡಬ್ಬಿ ತೆಗೆದು ಮುಂದಿಟ್ಟುಕೊಂಡರು. ಹೆಡ್ ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಭಾವ ಬಡಿಸುತ್ತ ಬಂದರು. ಈರುಳ್ಳಿ ಹಾಕಿದ ಅನ್ನ, ಅದರ ಪಕ್ಕ ಚೌಕ ಚೌಕದ ಕುಂಬಳಕಾಯಿ, ಅದರ ಮೇಲೆ ಆಲೂಗಡ್ಡೆ ಹಾಕಿದ ಮೂರು ಮೊಳಕೆಯ ಗಟ್ಟಿ ಸಾರು, ಕೊನೆಗೆ ಬೆಲ್ಲ ಹಾಕಿ ಹಾಲಿನಲ್ಲಿ ಬೇಯಿಸಿದ ಅಕ್ಕಿ. ಸಾಹೇಬರ ಮುಂದೆ ಬಂದಾಗ ಭಾವ ನಿಂತರು.

"ನನಗೆ ಬೇಡ. ನನ್ನ ಹೊಟ್ಟೆ ಸರಿಯಿಲ್ಲ."

"ಉಣ್ಣಬೇಡಿ ಸಾರ್," ಅಂದರು ಭಾವ. "ಸುಮ್ನೆ ಮೂಸಿ. ಈರುಳ್ಳಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ. ನಾನು ಮೊದಲನೇ ಸಲ ಹುರಿದಿದ್ದು."

ಹೊಗಳಿಕೆ ಕೇಳುವ ದನಿಯಲ್ಲ ಅದು. ಮೊದಲ ಬಾರಿ ಅಪ್ಪನಾದವನು ಮಗುವನ್ನು ಸಿಕ್ಕಸಿಕ್ಕವರಿಗೆ ತೋರಿಸುವ ದನಿ. ಸಾಹೇಬರು ಮೂಸಿದರು. ಗಂಜಿಯ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ನಡೆದದ್ದಕ್ಕೆ ಇಡೀ ಇಲಾಖೆ ಸಾಕ್ಷಿ: ಸಾಹೇಬರು ಎರಡನೆಯ ಸಲ ಹಾಕಿಸಿಕೊಂಡರು, ಮೂರನೆಯ ಸಲ ಕೇಳಿ ಹಾಕಿಸಿಕೊಂಡರು, ತಮ್ಮ ಬೀಳ್ಕೊಡುಗೆಯ ಭಾಷಣಕ್ಕೆ ಎದ್ದು ನಿಂತವರನ್ನು "ಕೂತ್ಕೊಳ್ಳಯ್ಯಾ, ಉಣ್ಣು," ಎಂದು ಕೂರಿಸಿದರು. ಯಾರನ್ನೂ ಬೈಯಲಿಲ್ಲ. ಒಬ್ಬ ಪಂಪ್ ಆಪರೇಟರ್ ಗಾಬರಿಗೊಂಡು, "ಸಾಹೇಬ್ರಿಗೆ ಹುಷಾರಿಲ್ವಾ?" ಎಂದು ಪಕ್ಕದವನನ್ನು ಕೇಳಿದ.

ಎಲ್ಲರದ್ದೂ ಮುಗಿಯುತ್ತ ಬಂದಾಗ ಭಾವ ತಮಗೊಂದು ತಟ್ಟೆ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಕೂತರು. ಅದೇ ಹೊತ್ತಿಗೆ ಇನ್‌ಸ್ಪೆಕ್ಟರು ಬಂದರು. ಕೈಯಲ್ಲಿ ಬೀಗ. ಅಂಗಳದಲ್ಲಿ ಒಂದಲ್ಲ, ಮೂರು ಒಲೆ.

"ಏಳ್ರೀ," ಅಂದರು.

"ಉಣ್ಣೋನ್ನ ಎಬ್ಬಿಸ್ಬಾರದಪ್ಪ," ಅಂದರು ಅಜ್ಜಿ. "ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

"ಡ್ಯೂಟಿ ಅಜ್ಜಿ."

"ಡ್ಯೂಟಿ ಎಲ್ಲೂ ಓಡಿಹೋಗಲ್ಲ. ಕೂತ್ಕೊ."

ಇನ್‌ಸ್ಪೆಕ್ಟರು ಕೂತರು. ಅಕ್ಕ ಅವರ ಮುಂದೆ ಒಂದು ತಟ್ಟೆ ಇಟ್ಟಳು. "ನಾನು ಏನೂ ಮುಟ್ಟಲ್ಲ," ಅಂದರು. ಯಾರೂ ಬಲವಂತ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಪರಿಶೀಲನೆಗೆ ಒಂದು ತುತ್ತು," ಅಂದರು. ಪರಿಶೀಲನೆ ತಟ್ಟೆ ಖಾಲಿಯಾಗುವವರೆಗೂ ನಡೆಯಿತು. ಅವರು ಕೈ ತೊಳೆದು, ಮುಖ ಒರೆಸಿಕೊಂಡು, ಮತ್ತೆ ಬೀಗ ಎತ್ತಿಕೊಂಡರು.

"ಊಟ ಬಹಳ ಚೆನ್ನಾಗಿತ್ತು. ಇಂಥದ್ದು ಉಂಡು ವರ್ಷಗಳಾಗಿತ್ತು. ಆದ್ರೆ ಬೀಗ ಹಾಕಲೇಬೇಕು."

"ಉಂಡ ಮನೆಗೆ ಬೀಗಾನಾ?" ಎಂದು ಮೇಷ್ಟ್ರು ಎದ್ದರು.

"ಆ ಕೋಣೆ ಬಾಗಿಲು ತೆಗೀರಿ ಮೇಷ್ಟ್ರೇ. ಸಂದೀಲಿ ನೋಡ್ದೆ, ಎದೆಮಟ್ಟ ಹೊಟ್ಟು ಇದೆ. ಒಂದು ಕಿಡಿ ಹಾರಿದ್ರೆ ನೀವೂ ಇಲ್ಲ, ನಿಮ್ಮ ಮನೇನೂ ಇಲ್ಲ. ನಾನು ತಪ್ಪು ಹೇಳ್ತಿದ್ದೀನಾ?"

ಅವರು ತಪ್ಪು ಹೇಳುತ್ತಿರಲಿಲ್ಲ. ಮೇಷ್ಟ್ರು ಕೂತರು. ಅಕ್ಕ ಗಂಡನ ಕಡೆ ನೋಡಿದಳು. ಈಗ ಅವಳ ಬಾಯಲ್ಲಿ ಸುತ್ತಿಗೆಯ ಮಾತಿರಲಿಲ್ಲ. ಭಾವ ಮಾತ್ರ ಉಣ್ಣುತ್ತಿದ್ದರು. ಕುಂಬಳಕಾಯಿಯ ಒಂದು ಚೌಕವನ್ನು ಎತ್ತಿ, ತಿರುಗಿಸಿ ನೋಡಿ, ಬಾಯಿಗಿಟ್ಟುಕೊಂಡು, ದೂರದಲ್ಲಿ ಯಾರೋ ಹಾಡುತ್ತಿರುವುದನ್ನು ಕೇಳಿಸಿಕೊಳ್ಳುವಂತೆ ಅಗಿಯುತ್ತಿದ್ದರು.

ಆಗ ಇಂಜಿನಿಯರ್ ಸಾಹೇಬರು ಬೆಂಚಿನಿಂದಲೇ ಕೇಳಿದರು. "ಏನ್ರೀ ನಿಮ್ಮ ರೂಲು?"

"ಒಂದು ಕೋಣೆಗೆ ಒಂದೇ ಕಸುಬು ಸಾರ್. ಎರಡೂ ನಡೆಸೋ ಹಾಗಿಲ್ಲ."

"ಒಂದನ್ನ ಬಿಟ್ರೆ?"

ಇನ್‌ಸ್ಪೆಕ್ಟರು ಯೋಚಿಸಿದರು. ಇಷ್ಟು ವರ್ಷ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರೂ ಅತ್ತಿದ್ದರು, ಇಲ್ಲವೇ ಹೆದರಿಸಿದ್ದರು. "ಒಂದನ್ನ ಬಿಟ್ರೆ ಇನ್ನೊಂದಕ್ಕೆ ಬರ್ಕೊಡಬಹುದು," ಎಂದು ಚೀಲದಿಂದ ಕಾಗದ ತೆಗೆದರು. "ಮರ ಇಟ್ಕೊಂಡ್ರೆ ಇವತ್ತೇ ಒಲೆ ಒಡೀಬೇಕು. ಒಲೆ ಇಟ್ಕೊಂಡ್ರೆ ಇವತ್ತೇ ಹೊಟ್ಟು, ಮರ ಎಲ್ಲಾ ಖಾಲಿ. ಬರೆದ ಮೇಲೆ ಬದಲಾಯ್ಸೋ ಹಾಗಿಲ್ಲ. ಏನ್ರೀ, ಮರಾನಾ? ಅಡಿಗೆನಾ?"

ಐವತ್ತು ಜನ, ಅಜ್ಜಿ, ಅಕ್ಕ, ಮೇಷ್ಟ್ರು, ನಾನು, ಎಲ್ಲರೂ ಭಾವನ ಕಡೆ ತಿರುಗಿದೆವು. ಕೈಯಲ್ಲಿದ್ದ ಕಸುಬು ಒಂದು; ಬೆಳಗ್ಗೆ ಕಲಿತದ್ದು ಒಂದು. ಬುದ್ಧಿ ನೆಟ್ಟಗಿರುವ ಯಾರೂ ಉತ್ತರಕ್ಕೆ ಯೋಚಿಸಬೇಕಾಗಿರಲಿಲ್ಲ. ಭಾವನ ಬಾಯಿ ತುಂಬಿತ್ತು. ಬಾಯಿ ತುಂಬಿರುವಾಗ ಅವರು ಮಾತಾಡುವವರಲ್ಲ. ಅವರು ಅಗಿದರು. ಇನ್‌ಸ್ಪೆಕ್ಟರು ಪೆನ್ನು ಹಿಡಿದು ಕಾದರು. ಭಾವ ಇನ್ನೂ ಸ್ವಲ್ಪ ಅಗಿದರು, ನುಂಗಿದರು, ಒಂದು ಗುಟುಕು ನೀರು ಕುಡಿದು, ತಾಯಿಯ ಕಡೆ ತಿರುಗಿದರು.

"ಉಪ್ಪು ಒಂಚೂರು ಕಮ್ಮಿ ಆಯ್ತಮ್ಮ," ಅಂದರು. "ನಾಳೆ ಸರಿ ಮಾಡ್ತೀನಿ."

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು.